‘ಗಂಡನ ಎನ್‌ಒಸಿ ಬೇಕೇನ್ರಿ?’: ಒಬ್ಬಳೇ ಶ್ರೀಲಂಕಾಕ್ಕೆ ಹೊರಟವರಿಗೆ

ಪ್ರಶ್ನೆ: ಅಕ್ಕಾರೆ, ನನಗೀಗ 38. ಮದುವೆ ಆಗ್ಯದ, ಒಬ್ಬ ಮಗ ಇದ್ದಾನ. ಬ್ಯಾಸಗಿ ಸೂಟಿಯೊಳಗ ಒಬ್ಬಾಕೇ ಶ್ರೀಲಂಕಾಕ್ಕ ಹೋಗಿ ಸಮುದ್ರ ನೋಡಿ ಬರಬೇಕಂತ ಆಸೆ ಅದ. ಮನ್ಯಾಗ ಯಾರೂ ಬ್ಯಾಡ ಅಂದಿಲ್ಲ. ಆದರ ಗಂಡನ ಎನ್‌ಒಸಿ ಇಲ್ದೆ ಪಾಸ್‌ಪೋರ್ಟ್ ಕೊಡಂಗಿಲ್ಲ, ಕೊಟ್ರೂ ಒಬ್ಬಾಕಿ ಹೆಣ್ಮಗಳನ್ನ ಏರ್‌ಪೋರ್ಟ್‌ನ್ಯಾಗ ತಡೀತಾರ ಅಂತಾರ. ಖರೇ ಏನ್ರಿ?
ಕಲಬುರಗಿಯ ಓದುಗರೊಬ್ಬರು

ಉತ್ತರ: ಖರೇ ಅಲ್ಲ ತಂಗಿ. ನಿಮ್ಮ ಪಾಸ್‌ಪೋರ್ಟಿಗೆ ಗಂಡನ ಒಪ್ಪಿಗೆ ಬೇಡ. ಅಪ್ಪನದೂ ಬೇಡ, ಅಣ್ಣನದೂ ಬೇಡ. ಶ್ರೀಲಂಕಾದ ವೀಸಾಕ್ಕೂ ಬೇಡ. ಏರ್‌ಪೋರ್ಟಲ್ಲೂ ಯಾರೂ ಕೇಳಲ್ಲ.

ಉತ್ತರ ಇಷ್ಟೇ. ಆದರೆ ಇಷ್ಟೇ ಬರೆದು ಸುಮ್ಮನಾದರೆ ಇದೇ ಪ್ರಶ್ನೆ ಮತ್ತೆ ಬರುತ್ತೆ. ಸೇಡಂನವರು ಕೇಳಿದ್ದಾರೆ, ಆಳಂದದವರು ಕೇಳಿದ್ದಾರೆ, ಹುಮನಾಬಾದಿನವರು, ಶಹಾಪುರದವರು ಎಲ್ಲರೂ ಕೇಳಿದ್ದಾರೆ. ಊರು ಬದಲಾಗುತ್ತೆ, ಎನ್‌ಒಸಿ ಮಾತ್ರ ಬದಲಾಗಲ್ಲ. ಒಬ್ಬರಂತೂ ಬರೆಸಿಕೊಂಡ ಕಾಗದವನ್ನೇ ತಂದು ತೋರಿಸಿದರು. ಕೋರ್ಟಿನ ಮುಂದೆ ಟೈಪ್ ಹೊಡೆಸಿದ ಬಾಂಡ್ ಪೇಪರ್. ‘ನನ್ನ ಧರ್ಮಪತ್ನಿಯು ಒಬ್ಬಳೇ ವಿದೇಶಕ್ಕೆ ಹೋಗಲು ನನ್ನದು ಯಾವ ತಕರಾರೂ ಇರುವುದಿಲ್ಲ’. ಕೆಳಗೆ ಗಂಡನ ಸಹಿ, ಇಬ್ಬರು ಸಾಕ್ಷಿ, ನೋಟರಿಯ ಸೀಲು. ಥೇಟ್ ಹೊಲ ಮಾರುವಾಗ ಬರೆಸುವ ಪತ್ರದ ಹಾಗೆ. ಪಾಸ್‌ಪೋರ್ಟ್ ಕೌಂಟರಿನಲ್ಲಿ ಅದನ್ನು ಯಾರೂ ಕೈಯಲ್ಲೂ ಹಿಡಿಯಲಿಲ್ಲ. ಬರೆಸಿದವರ ದುಡ್ಡು ಹೋಯ್ತು ಅಷ್ಟೇ.

ಹಾಗಾದರೆ ಈ ಮಾತು ಹುಟ್ಟಿದ್ದೆಲ್ಲಿ? ಬೆಂಕಿಯಿಲ್ಲದೆ ಹೊಗೆ ಏಳಲ್ಲ, ನಿಜ. ಆದರೆ ಇಲ್ಲಿ ನಾಲ್ಕೈದು ಬೇರೆ ಬೇರೆ ಒಲೆಯ ಹೊಗೆ ಒಂದೇ ಕಡೆ ಸೇರಿದೆ.

ಮೊದಲನೆಯದು ಹಳೇ ನಿಯಮ. ಮದುವೆಯಾದವರು ಪಾಸ್‌ಪೋರ್ಟಿಗೆ ಮದುವೆ ಸರ್ಟಿಫಿಕೇಟ್ ಕೊಡಬೇಕಿತ್ತು, ಇಲ್ಲವೇ ‘ಅನೆಕ್ಷರ್ ಕೆ’ ಎಂಬ ಕಾಗದ ಕೊಡಬೇಕಿತ್ತು. 2016ರ ಡಿಸೆಂಬರಿನಲ್ಲಿ ವಿದೇಶಾಂಗ ಸಚಿವಾಲಯ ಅದನ್ನು ತೆಗೆದುಹಾಕಿತು. ಗಂಡನಿಂದ ದೂರ ಇರುವವರು, ವಿಚ್ಛೇದನ ಆದವರು ಗಂಡನ ಹೆಸರನ್ನೂ ಬರೆಯಬೇಕಿಲ್ಲ. ತಂದೆ, ತಾಯಿ ಅಥವಾ ಪಾಲಕರಲ್ಲಿ ಒಬ್ಬರ ಹೆಸರು ಸಾಕು. ಇನ್ನೊಂದು ವಿಷಯ ಕೇಳಿ: ಕೊಡಬೇಕಾದ ಘೋಷಣೆಗಳೆಲ್ಲ ಬಿಳಿ ಹಾಳೆಯಲ್ಲಿ ನೀವೇ ಸಹಿ ಹಾಕಿ ಕೊಟ್ಟರೆ ಆಯ್ತು, ನೋಟರಿ ಬೇಡ ಅಂತಲೂ ಆಗಲೇ ಹೇಳಿದ್ದಾರೆ. ಇಷ್ಟು ವರ್ಷ ಆದರೂ ನೆಟ್ ಸೆಂಟರಿನ ಹುಡುಗರಿಗೆ ಈ ಸುದ್ದಿ ಮುಟ್ಟಿಲ್ಲ. ಅಥವಾ ಮುಟ್ಟಿದೆ, ಆದರೆ ಬಾಂಡ್ ಪೇಪರ್ ಮಾರುವ ಅಂಗಡಿ ಪಕ್ಕದಲ್ಲೇ ಇದೆ!

ಎರಡನೆಯದು ಮಕ್ಕಳ ಪಾಸ್‌ಪೋರ್ಟು. 18 ತುಂಬದ ಮಗನಿಗೆ ಪಾಸ್‌ಪೋರ್ಟ್ ಮಾಡಿಸುವಾಗ ಅಪ್ಪ ಅಮ್ಮ ಇಬ್ಬರ ಒಪ್ಪಿಗೆಯೂ ಕೇಳುತ್ತಾರೆ. ಒಬ್ಬರದು ಸಿಗದಿದ್ದರೆ ಅದಕ್ಕೆ ಬೇರೆ ನಮೂನೆ ಇದೆ. ಯಾವಳೋ ಓರಗಿತ್ತಿ ಮಗನ ಅರ್ಜಿಗೆ ಗಂಡನ ಸಹಿ ಹಾಕಿಸಿರುತ್ತಾಳೆ. ಅದು ಬಾಯಿಂದ ಬಾಯಿಗೆ ಹೋಗಿ ‘ಗಂಡನ ಸಹಿ ಬೇಕಂತೆ’ ಅಂತ ಆಗಿರುತ್ತೆ.

ಮೂರನೆಯದು ನಿಜವಾದ ಎನ್‌ಒಸಿ. ಸರ್ಕಾರಿ ನೌಕರಿಯಲ್ಲಿದ್ದರೆ ವಿದೇಶಕ್ಕೆ ಹೋಗಲು ಇಲಾಖೆಗೆ ತಿಳಿಸಬೇಕು, ಅನುಮತಿ ತಗೋಬೇಕು. ನೀವು ಶಾಲೆಯ ಟೀಚರ್ ಆಗಿದ್ದರೆ ಇದು ನಿಮಗೂ ಬೇಕು, ಪಕ್ಕದ ಕ್ಲಾಸಿನ ಮಾಸ್ತರರಿಗೂ ಬೇಕು. ಗಂಡ ಹೆಂಡತಿ ವಿಷಯ ಇದರಲ್ಲಿ ಎಲ್ಲೂ ಬರಲ್ಲ.

ನಾಲ್ಕನೆಯದು ಹಜ್. ನಮ್ಮ ಭಾಗದಲ್ಲಿ ಹಜ್‌ಗೆ ಹೋಗದ ಓಣಿ ಇಲ್ಲ. ಹೆಣ್ಣುಮಕ್ಕಳು ಮೆಹ್ರಮ್, ಅಂದರೆ ಗಂಡನೋ ಹತ್ತಿರದ ಗಂಡು ಸಂಬಂಧಿಯೋ ಜೊತೆಗಿಲ್ಲದೆ ಹೋಗುವಂತಿರಲಿಲ್ಲ. 2018ರಿಂದ 45 ದಾಟಿದ ಹೆಂಗಸರು ಗುಂಪಾಗಿ ಮೆಹ್ರಮ್ ಇಲ್ಲದೆ ಹೋಗಲು ಅವಕಾಶ ಆಯ್ತು. ಆ ನಿಯಮ ಆ ಯಾತ್ರೆಯದ್ದು. ಕೊಲಂಬೊಗೆ ಹೋಗೋರಿಗೆ ಅದರಲ್ಲಿ ಏನೂ ಇಲ್ಲ.

ಐದನೆಯದೇ ದೊಡ್ಡದು. ‘ಏರ್‌ಪೋರ್ಟಲ್ಲಿ ತಡೀತಾರೆ’ ಎಂಬ ಹೆದರಿಕೆ ಬಂದಿದ್ದು ಇಲ್ಲಿಂದ. ನಮಗೆ ಹತ್ತಿರದ ಇಂಟರ್‌ನ್ಯಾಷನಲ್ ಏರ್‌ಪೋರ್ಟ್ ಹೈದರಾಬಾದಿನ ಶಂಷಾಬಾದ್. ಗಲ್ಫ್ ದೇಶಗಳಿಗೆ ಕೂಲಿಗೆ, ಮನೆಗೆಲಸಕ್ಕೆ ಹೋಗೋರು ಅಲ್ಲಿಂದ ಜಾಸ್ತಿ. ಅವರನ್ನು ಏಜೆಂಟರು ಮೋಸ ಮಾಡಬಾರದು ಅಂತ 1983ರ ವಲಸೆ ಕಾಯ್ದೆ ಇದೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ‘ಇಸಿಆರ್’ (ವಲಸೆ ತಪಾಸಣೆ ಬೇಕು) ಎಂದು ಇರುತ್ತೆ. ಅಂಥವರು ಗಲ್ಫ್ ಸೇರಿದಂತೆ ಪಟ್ಟಿಯಲ್ಲಿರುವ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಕ್ಲಿಯರೆನ್ಸ್ ಬೇಕು. 30 ವರ್ಷ ತುಂಬದ ಹೆಣ್ಣುಮಕ್ಕಳಿಗೆ ಮನೆಗೆಲಸಕ್ಕೆ ಆ ಕ್ಲಿಯರೆನ್ಸ್ ಸಿಗಲ್ಲ. ಹಾಗಾಗಿ ಟೂರಿಸ್ಟ್ ವೀಸಾ ಹಿಡಿದು ಕೆಲಸಕ್ಕೆ ಹೊರಟವರನ್ನು ಕೌಂಟರಿನಲ್ಲಿ ನಿಲ್ಲಿಸಿ ಕೇಳುತ್ತಾರೆ. ಕೆಲವರನ್ನು ವಾಪಸ್ ಕಳಿಸುವುದೂ ಉಂಟು. ಊರಿಗೆ ಬಂದ ಸುದ್ದಿ ಮಾತ್ರ ‘ಒಬ್ಬಾಕಿ ಅದಾಳ ಅಂತ ಬಿಡಲಿಲ್ಲ’ ಅಂತ.

ಶ್ರೀಲಂಕಾ ಆ ಪಟ್ಟಿಯಲ್ಲೇ ಇಲ್ಲ. ನೀವು ಹೋಗುತ್ತಿರುವುದು ಕೆಲಸಕ್ಕೂ ಅಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಮಾರ್ಕ್ಸ್ ಕಾರ್ಡ್ ಒರಿಜಿನಲ್ ಅರ್ಜಿಯ ಜೊತೆ ತೋರಿಸಿ, ಇಸಿಆರ್ ಬೀಳುವುದೇ ಇಲ್ಲ. ಕೌಂಟರಿನವರು ಕೇಳೋದು ಎಲ್ಲಿಗೆ, ಎಷ್ಟು ದಿನ, ಎಲ್ಲಿ ಇಳಿದುಕೊಳ್ಳುತ್ತೀರಿ, ವಾಪಸ್ ಟಿಕೆಟ್ ಇದೆಯಾ ಅಂತ. ನಿಮ್ಮ ಹಿಂದೆ ನಿಂತ ಗಂಡಸಿಗೂ ಇವೇ ಪ್ರಶ್ನೆ. ಹೋಟೆಲ್ ಬುಕಿಂಗ್, ವಾಪಸ್ ಟಿಕೆಟ್ ಎರಡನ್ನೂ ಪ್ರಿಂಟ್ ಹಾಕಿಸಿ ಕೈಯಲ್ಲಿ ಹಿಡಿಯಿರಿ. ಮೊಬೈಲ್ ಚಾರ್ಜು ಕೈಕೊಡೋದು ಯಾವಾಗಲೂ ಲೈನಿನಲ್ಲಿ ನಿಂತಾಗಲೇ.

ಇನ್ನು ಆ ಕಡೆಯ ಕೌಂಟರು. ಪ್ರಪಂಚದ ಮೊದಲ ಮಹಿಳಾ ಪ್ರಧಾನಿಯನ್ನು ಆರಿಸಿದ ದೇಶ ಅದು. 1960ರಲ್ಲಿ, ಸಿರಿಮಾವೊ ಬಂಡಾರನಾಯಕೆ. ಅಲ್ಲಿ ನಿಂತು ಬಾಂಡ್ ಪೇಪರ್ ಬಿಚ್ಚಬೇಡಿ ದಯವಿಟ್ಟು.

ಪಾಸ್‌ಪೋರ್ಟ್ ನಿಜವಾಗಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ಗೊತ್ತಾ? ಹೆಸರಿನಲ್ಲಿ. ಮಾರ್ಕ್ಸ್ ಕಾರ್ಡಲ್ಲಿ ಮಹಾದೇವಿ, ಆಧಾರಲ್ಲಿ ಮಹಾದೇವಮ್ಮ, ಬ್ಯಾಂಕಿನಲ್ಲಿ ಗಂಡನ ಮನೆಯ ಅಡ್ಡಹೆಸರು. ಒಂದರಲ್ಲಿ ಬಾಯಿ, ಇನ್ನೊಂದರಲ್ಲಿ ಬೇಗಂ. ಗಂಡನ ಸಹಿಗಾಗಿ ಓಡಾಡುವ ಹೊತ್ತಿನಲ್ಲಿ ಇದನ್ನು ಸರಿ ಮಾಡಿಸಿಕೊಳ್ಳಿ. ಮದುವೆಯಾದ ಮೇಲೆ ಹೆಸರು ಬದಲಿಸಲೇಬೇಕು ಅಂತ ಎಲ್ಲೂ ಇಲ್ಲ, ತವರಿನ ಹೆಸರಲ್ಲೇ ಪಾಸ್‌ಪೋರ್ಟ್ ಸಿಗುತ್ತೆ. ಟಿಕೆಟಿನಲ್ಲಿ ಮಾತ್ರ ಪಾಸ್‌ಪೋರ್ಟಿನ ಹೆಸರೇ ಅಕ್ಷರಕ್ಕೆ ಅಕ್ಷರ ಇರಬೇಕು. ಸಾಮಾನ್ಯ 36 ಪುಟದ ಪಾಸ್‌ಪೋರ್ಟಿಗೆ ಫೀಸು 1,500 ರೂಪಾಯಿ. ಪೊಲೀಸ್ ವೆರಿಫಿಕೇಶನ್‌ಗೆ ಬಂದವರು ‘ಯಜಮಾನರು ಎಲ್ಲಿ?’ ಅಂತ ಕೇಳಬಹುದು. ಡ್ಯೂಟಿಗೆ ಹೋಗ್ಯಾರ ಅನ್ನಿ, ಸಾಕು.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಹೈದರಾಬಾದಿನ ಬಸ್ಸಿಗೆ ಶಕ್ತಿ ಯೋಜನೆ ನಡೆಯಲ್ಲ, ಟಿಕೆಟ್ ತಗೋಬೇಕು. ಶ್ರೀಲಂಕಾದ ಪ್ರವಾಸಿ ಅನುಮತಿಗೆ ಇಟಿಎ ಅನ್ನುತ್ತಾರೆ. 30 ದಿನದ್ದು, ಆನ್‌ಲೈನಲ್ಲೇ ಸಿಗುತ್ತೆ. ಅವರ ಸರ್ಕಾರದ ಸೈಟಿನಲ್ಲೇ ಹಾಕಿ. ನೋಡಲು ಅದೇ ಥರ ಇರುವ ಖಾಸಗಿ ಸೈಟುಗಳು ಸುಮ್ನೆ ಜಾಸ್ತಿ ದುಡ್ಡು ಕೀಳುತ್ತವೆ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು. ಟೈಮು ನಮ್ಮದೇ, ಗಡಿಯಾರ ತಿರುಗಿಸಬೇಕಿಲ್ಲ. 2024ರ ಫೆಬ್ರವರಿಯಿಂದ ನಮ್ಮ ಯುಪಿಐ ಅಲ್ಲೂ ಕೆಲವು ಅಂಗಡಿಗಳಲ್ಲಿ ನಡೆಯುತ್ತೆ, ಆದರೂ ಕೈಯಲ್ಲಿ ಅವರ ರೂಪಾಯಿ ಇರಲಿ. ವಿಮಾನ ರಾತ್ರಿ ಇಳಿಯುವುದಾದರೆ ಕೊಲಂಬೊವರೆಗೆ ಹೋಗಬೇಡಿ. ಏರ್‌ಪೋರ್ಟಿಗೆ ಹತ್ತಿರದ ನೆಗೊಂಬೊದಲ್ಲಿ ಮಲಗಿ, ಬೆಳಿಗ್ಗೆ ಹೊರಡಿ. ಹಿಂದಿ ನಡೆಯುತ್ತೆ ಅಂದುಕೊಳ್ಳಬೇಡಿ. ಸಿಂಹಳ, ತಮಿಳು, ಇಲ್ಲದಿದ್ದರೆ ಇಂಗ್ಲಿಷ್. ಮಾಂಸ ಮೀನು ತಿನ್ನದವರು ತೆಂಗಿನಕಾಯಿ ಸಂಬೋಲ ನೋಡಿ ‘ಚಟ್ನಿ ಅಲ್ವಾ’ ಅಂತ ಹಾಕಿಸಿಕೊಳ್ಳಬೇಡಿ. ಅದರಲ್ಲಿ ಬಹಳ ಸಲ ಒಣಮೀನಿನ ಪುಡಿ ಇರುತ್ತೆ. ಮೊದಲೇ ಕೇಳಿ. ಶೇಂಗಾ ಹಿಂಡಿ ಡಬ್ಬಿ ಹೇಗೂ ಬ್ಯಾಗಿನಲ್ಲಿ ಇದ್ದೇ ಇರುತ್ತಲ್ಲ.

ಒಬ್ಬಳೇ ಹೋದರೆ ಅಲ್ಲಿ ಏನೂ ಆಗಲ್ಲ ಅಂತ ನಾನು ಹೇಳಲ್ಲ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ ಶ್ರೀಲಂಕಾದಲ್ಲಿ ಮಾಡಿದ ಅಧ್ಯಯನದಲ್ಲಿ ಶೇ 90ರಷ್ಟು ಹೆಣ್ಣುಮಕ್ಕಳು ಬಸ್ಸು ರೈಲಿನಲ್ಲಿ ಒಂದು ಸಲವಾದರೂ ಕಿರುಕುಳ ಅನುಭವಿಸಿದ್ದಾಗಿ ಹೇಳಿದ್ದರು. ಅವರು ಅಲ್ಲಿಯವರೇ, ನಿತ್ಯ ಓಡಾಡುವವರು. ನಮ್ಮ ಬಸ್ಸಿನಲ್ಲೇನು ಕಡಿಮೆಯಾ? ನಮಗೆ ಮೊಣಕೈ ಹೇಗೆ ಇಟ್ಟುಕೊಳ್ಳಬೇಕು ಅಂತ ಗೊತ್ತು. ತುಂಬಿದ ಬಸ್ ಬಿಟ್ಟು ಮುಂದಿನದು ಹಿಡಿಯಿರಿ, ಹೆಂಗಸರ ಪಕ್ಕ ಕೂತುಕೊಳ್ಳಿ, ಆಟೊಕ್ಕೆ ಪಿಕ್‌ಮಿ ಆ್ಯಪ್ ಬಳಸಿ. ಪೊಲೀಸ್ 119, ಪ್ರವಾಸಿಗರ ಸಹಾಯವಾಣಿ 1912, ಆಂಬುಲೆನ್ಸ್ 1990. ಆ ಆಂಬುಲೆನ್ಸ್ ಸೇವೆ 2016ರಲ್ಲಿ ಶುರುವಾದದ್ದು ಭಾರತದ ನೆರವಿನಿಂದಲೇ.

ಬಸ್ಸಿನದೇ ಇನ್ನೊಂದು ಮಾತು. ನಮ್ಮ ಕಡೆ ಮುಂದಿನ ಸೀಟು ಅಂದರೆ ಹೆಂಗಸರದು. ಹತ್ತಿದ ಕೂಡಲೇ ಟವೆಲ್ ಹಾಕಿ ಕೂರುವ ಅಭ್ಯಾಸ. ಅಲ್ಲಿ ಮುಂದಿನ ಸೀಟು ಬೌದ್ಧ ಭಿಕ್ಷುಗಳಿಗೆ ಮೀಸಲು. ಖಾಲಿ ಇದ್ದರೆ ಕೂರಬಹುದು, ಕಾವಿಯವರು ಹತ್ತಿದರೆ ಎದ್ದು ಬಿಡಬೇಕು. ಅವರ ಪಕ್ಕ ಹೆಂಗಸರು ಕೂರುವುದಿಲ್ಲ, ಕೈಗೆ ಕೈ ತಾಗಿಸಿ ಏನನ್ನೂ ಕೊಡುವುದಿಲ್ಲ. ವಿಹಾರಕ್ಕೆ, ಅಂದರೆ ಬುದ್ಧನ ಗುಡಿಗೆ ಹೋದಾಗ ಭುಜ, ಮೊಣಕಾಲು ಮುಚ್ಚಿರಲಿ. ಬುದ್ಧನಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯಬೇಡಿ, ಅದನ್ನು ದೊಡ್ಡ ಅವಮಾನ ಅಂತ ನೋಡುತ್ತಾರೆ. ನಮ್ಮ ಸನ್ನತಿಯಲ್ಲಿ ಬೌದ್ಧ ಶಿಲ್ಪಗಳ ಮುಂದೆ ನಿಂತು ಪೋಸು ಕೊಟ್ಟ ಹಾಗಲ್ಲ ಅದು.

ಈಗ ನೀವು ಕೇಳದೇ ಇರುವ ವಿಷಯಕ್ಕೆ ಬರುತ್ತೇನೆ. ಗಂಡಸರ ಬಗ್ಗೆ, ಪೊಲೀಸರ ಬಗ್ಗೆ, ಆಫೀಸರರ ಬಗ್ಗೆ ಎಲ್ಲರೂ ಕೇಳುತ್ತಾರೆ. ನೋಡಲು ಹೊರಟಿರುವ ಸಮುದ್ರದ ಬಗ್ಗೆ ಒಬ್ಬರೂ ಕೇಳಲ್ಲ. ಭೀಮಾ ಹೊಳೆಯ ದಂಡೆಯಲ್ಲಿ ಬಟ್ಟೆ ಒಗೆದವರಿಗೂ ಸಮುದ್ರ ಹೊಸದೇ. ನಮ್ಮಲ್ಲಿ ಈಜು ಬರುವ ಹೆಂಗಸರು ಎಷ್ಟು ಮಂದಿ ಹೇಳಿ?

ಮೊದಲು ಯಾವ ಕಡೆಯ ಸಮುದ್ರ ಅನ್ನೋದು. ಫೋಟೊ ನೋಡಿದವರೆಲ್ಲ ಗಾಲ್, ಮಿರಿಸ್ಸ ಅನ್ನುತ್ತಾರೆ. ಅದು ನೈಋತ್ಯ ಕರಾವಳಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಅಲ್ಲಿ ಬಿಸಿಲು, ಶಾಂತ ಸಮುದ್ರ. ನಿಮಗೆ ಸೂಟಿ ಇರೋದು ಏಪ್ರಿಲ್, ಮೇ ತಿಂಗಳಲ್ಲಿ. ಮೇ ಬಂತೆಂದರೆ ಆ ಕಡೆ ಮಳೆಗಾಲ, ಸೆಪ್ಟೆಂಬರ್‌ವರೆಗೂ ಅಲೆ ಜೋರು. ಅದೇ ಹೊತ್ತಿಗೆ ಪೂರ್ವ ಕರಾವಳಿಯಲ್ಲಿ ಬಿಸಿಲು. ಆದ್ದರಿಂದ ನೀವು ಟ್ರಿಂಕೋಮಲಿ ಕಡೆ ಹೋಗಿ. ಕೊಲಂಬೊದಿಂದ ಸುಮಾರು 260 ಕಿ.ಮೀ. ದೂರ, ಹೆಚ್ಚುಕಡಿಮೆ ಒಂದು ಹಗಲಿನ ದಾರಿ. ಸಮುದ್ರಕ್ಕೆ ಚಾಚಿದ ಬಂಡೆಯ ಮೇಲೆ ಕೋಣೇಶ್ವರ ದೇವಸ್ಥಾನ ಇದೆ, ಶಿವನ ಗುಡಿ. ಹತ್ತಿರದಲ್ಲೇ ಉಪ್ಪುವೇಲಿ, ನಿಲಾವೇಲಿ ದಂಡೆಗಳು. ಇನ್ನೂ ದಕ್ಷಿಣಕ್ಕೆ ಹೋದರೆ ಪಾಸಿಕುಡಾದಲ್ಲಿ ಬಹಳ ದೂರದವರೆಗೆ ನೀರು ಆಳ ಇರಲ್ಲ. ಈಜು ಬಾರದವರಿಗೆ ಅದೇ ಒಳ್ಳೇದು. ಏಪ್ರಿಲ್ 13, 14ರ ಆಸುಪಾಸು ಮಾತ್ರ ಹೋಗಬೇಡಿ. ಅವರ ಹೊಸ ವರ್ಷ, ಅಂಗಡಿ ಮುಚ್ಚಿರುತ್ತೆ, ಬಸ್ಸುಗಳಲ್ಲಿ ಕಾಲಿಡಲು ಜಾಗ ಇರಲ್ಲ.

ನೀರಿಗೆ ಇಳಿದಾಗ ಒಂದು ಮೋಸ ತಿಳಿದಿರಲಿ. ಅಕ್ಕಪಕ್ಕ ಅಲೆ ಒಡೆಯುತ್ತಿರುತ್ತೆ, ನಡುವೆ ಒಂದು ಪಟ್ಟಿ ಮಾತ್ರ ಅಲೆಯಿಲ್ಲದೆ ಸಪಾಟಾಗಿ ಕಾಣುತ್ತೆ. ‘ಇಲ್ಲಿ ಶಾಂತ ಅದ’ ಅಂತ ಅಲ್ಲೇ ಇಳಿಯೋದು ನಮ್ಮವರ ಬುದ್ಧಿ. ದಂಡೆಗೆ ಬಂದ ನೀರು ಒಟ್ಟಾಗಿ ಸಮುದ್ರಕ್ಕೆ ವಾಪಸ್ ಓಡುವ ದಾರಿ ಅದು, ನಿಮ್ಮನ್ನೂ ಎಳೆದುಕೊಂಡು ಹೋಗುತ್ತೆ. ಸಿಕ್ಕಿಕೊಂಡರೆ ದಂಡೆಯ ಕಡೆ ನೇರವಾಗಿ ಒದ್ದಾಡಬೇಡಿ, ಸುಸ್ತಾಗುತ್ತೀರಿ. ತೇಲುತ್ತಾ ಕೈ ಎತ್ತಿ ಕೂಗಿ. ಈಜು ಬಂದರೆ ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ದಂಡೆಗೆ ತಿರುಗಿ. ಕೆಂಪು ಬಾವುಟ ಇದ್ದಲ್ಲಿ ಪಾದವನ್ನೂ ಇಡಬೇಡಿ. ಒಬ್ಬರೇ ಇರುವಾಗ ಮೊಣಕಾಲಿನವರೆಗೆ ಸಾಕು, ಅದೂ ಬೇರೆಯವರು ಇರುವ ಕಡೆ.

ಬಟ್ಟೆಯ ವಿಷಯಕ್ಕೆ ನಾಚಿಕೆ ಬೇಡ. ದಂಡೆಯಲ್ಲಿ ಈಜುಡುಗೆ ಹಾಕಿದವರನ್ನು ಅಲ್ಲಿ ಯಾರೂ ವಿಶೇಷವಾಗಿ ನೋಡಲ್ಲ, ಅದೇ ಉಡುಗೆಯಲ್ಲಿ ಪೇಟೆಗೆ ಬಂದರೆ ನೋಡುತ್ತಾರೆ. ಅದು ಬೇಡ ಅನ್ನುವವರು ಬಿಗಿ ಲೆಗ್ಗಿಂಗು, ಅರ್ಧ ತೋಳಿನ ಟೀಶರ್ಟು ಹಾಕಿ. ಕಾಟನ್ ಚೂಡಿದಾರ ನೀರು ಕುಡಿದು ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತೆ. ದುಪಟ್ಟಾ, ಸೀರೆ ಎರಡೂ ನೀರಿಗೆ ಬೇಡ. ಇನ್ನು ಬಿಸಿಲು. ‘ಕಲಬುರಗಿಯ 43 ಡಿಗ್ರಿ ಕಂಡೀವಿ, ಲಂಕಾದ್ದೇನು’ ಅಂತ ಬೀಗಬೇಡಿ. ನಮ್ಮದು ಒಣ ಬಿಸಿಲು, ಬೆವರು ಆರುತ್ತೆ. ಅಲ್ಲಿ 32 ಡಿಗ್ರಿಗೇ ಬೆವರು ಆರದೆ ಮೈಗೆ ಅಂಟಿಕೊಂಡು ಸುಸ್ತು ಹೊಡೆಯುತ್ತೆ. ಓಆರ್‌ಎಸ್ ಪಾಕೆಟು ಇಲ್ಲಿಂದಲೇ ಒಯ್ಯಿರಿ. ಹನ್ನೊಂದರಿಂದ ಮೂರರವರೆಗೆ ರೂಮಿನಲ್ಲಿ ಫ್ಯಾನ್ ಕೆಳಗೆ ಮಲಗಿ, ನಾಲ್ಕರ ಮೇಲೆ ದಂಡೆಗೆ ಹೋಗಿ. ಪೂರ್ವ ಕರಾವಳಿ ಆದ್ದರಿಂದ ಸಮುದ್ರದ ಮೇಲೆ ಸೂರ್ಯ ಕಾಣೋದು ಬೆಳಿಗ್ಗೆ, ಸಂಜೆ ಅಲ್ಲ. ಸೂರ್ಯಾಸ್ತದ ಫೋಟೊ ಬೇಕೇ ಬೇಕು ಅಂದರೆ ಹೋಗುವ ದಾರಿಯಲ್ಲಿ ನೆಗೊಂಬೊದಲ್ಲೇ ತೆಗೆದುಕೊಂಡುಬಿಡಿ.