ಎಐ ಎಥಿಕ್ಸ್ ಕೋರ್ಸಿನಲ್ಲಿ ಲೆಕ್ಕ ಯಾಕೆ ಬೇಕು?

ಎಐ ಎಥಿಕ್ಸ್ ಅಂದ ಕೂಡಲೇ ಎಲ್ಲರ ತಲೆಗೆ ಬರುವುದು ಡ್ರೈವರ್ ಇಲ್ಲದ ಕಾರು. ಬ್ರೇಕ್ ಕೈಕೊಟ್ಟಿದೆ, ಉಳಿಸಬೇಕಾದದ್ದು ಮಗುವನ್ನೋ ಮುದುಕನನ್ನೋ? ಎಂಐಟಿಯವರು ಇದನ್ನೇ ಆನ್‌ಲೈನ್ ಆಟದ ಥರ ಮಾಡಿ, ಜಗತ್ತಿನ ಮೂಲೆಮೂಲೆಯಿಂದ ಸುಮಾರು 4 ಕೋಟಿ ಉತ್ತರ ಕೂಡಿಹಾಕಿ 2018ರಲ್ಲಿ ಪ್ರಕಟಿಸಿದರು. ಹರಟೆಗೆ ಒಳ್ಳೆಯ ವಿಷಯ. ಆದರೆ ಯೂನಿವರ್ಸಿಟಿಯಲ್ಲಿ ಇದನ್ನು ಓದಲು ಹೊರಟವರು ಮೊದಲು ಕೈಹಾಕಬೇಕಾದದ್ದು ಕಾಂಪಾಸ್ ಜಗಳಕ್ಕೆ.

ಕಾಂಪಾಸ್ ಅಂದರೆ ಅಮೆರಿಕದ ಕೆಲವು ಕೋರ್ಟುಗಳು ಬಳಸುವ ಸಾಫ್ಟ್‌ವೇರ್. ಆರೋಪಿ ಮತ್ತೆ ಅಪರಾಧ ಮಾಡುವ ಸಾಧ್ಯತೆ ಎಷ್ಟು ಅಂತ ಅಂಕ ಕೊಡುತ್ತದೆ. 2016ರಲ್ಲಿ ಪ್ರೊಪಬ್ಲಿಕಾ ಪತ್ರಕರ್ತರು ಫ್ಲೋರಿಡಾದ ಒಂದು ಕೌಂಟಿಯ ದಾಖಲೆ ತೆಗೆದು ನೋಡಿದರು. ಮತ್ತೆ ಅಪರಾಧ ಮಾಡದೇ ಇದ್ದ ಕಪ್ಪು ಜನರಲ್ಲಿ 44.9% ಮಂದಿಗೆ 'ಅಪಾಯ ಜಾಸ್ತಿ' ಅನ್ನುವ ಹಣೆಪಟ್ಟಿ ಬಿದ್ದಿತ್ತು, ಬಿಳಿಯರಲ್ಲಿ 23.5%. ಸಾಫ್ಟ್‌ವೇರ್ ಮಾಡಿದ ಕಂಪನಿ ಒಪ್ಪಲಿಲ್ಲ. ಹಣೆಪಟ್ಟಿ ಬಿದ್ದವರಲ್ಲಿ ನಿಜಕ್ಕೂ ಅಪರಾಧ ಮಾಡಿದವರ ಪ್ರಮಾಣ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ, ಹಾಗಾದರೆ ಭೇದ ಎಲ್ಲಿದೆ ಅಂತ ಕೇಳಿತು.

ಯಾರು ಸರಿ? ಇಬ್ಬರೂ! ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡಿ. ಎರಡು ಗುಂಪು, ತಲಾ 100 ಜನ. ಮೊದಲನೆಯದರಲ್ಲಿ 60 ಜನಕ್ಕೆ ಹಣೆಪಟ್ಟಿ, ಅವರಲ್ಲಿ 42 ಮಂದಿ ಅಪರಾಧ ಮಾಡುತ್ತಾರೆ. ಎರಡನೆಯದರಲ್ಲಿ 20 ಜನಕ್ಕೆ ಹಣೆಪಟ್ಟಿ, ಅವರಲ್ಲಿ 14. ಎರಡೂ ಕಡೆ ಊಹೆ ಸರಿಯಾದದ್ದು 70%. ಹಣೆಪಟ್ಟಿ ಇಲ್ಲದವರಲ್ಲೂ ಎರಡೂ ಕಡೆ 25% ಜನ ಅಪರಾಧ ಮಾಡುತ್ತಾರೆ ಅಂದುಕೊಳ್ಳಿ. ಈಗ ಅಪರಾಧ ಮಾಡದವರ ಕಡೆಯಿಂದ ನೋಡಿ: ಮೊದಲ ಗುಂಪಿನಲ್ಲಿ ಅಂಥವರು 48, ಅವರಲ್ಲಿ 18 ಜನಕ್ಕೆ ಸುಮ್ನೆ ಹಣೆಪಟ್ಟಿ. ಎರಡನೆಯದರಲ್ಲಿ 66 ಜನರಲ್ಲಿ ಬರೀ 6. ಎರಡು ಗುಂಪುಗಳ ಮೂಲ ಪ್ರಮಾಣವೇ (ಅಂದರೆ ಒಟ್ಟು ಜನರಲ್ಲಿ ಅಪರಾಧ ಮಾಡುವವರ ಪಾಲು) ಬೇರೆ ಇರುವಾಗ, ಊಹೆ ನೂರಕ್ಕೆ ನೂರು ಸರಿ ಇರದ ಹೊರತು, ಈ ಎರಡು ಬಗೆಯ ಸಮಾನತೆ ಒಟ್ಟಿಗೆ ಸಿಗುವುದಿಲ್ಲ ಅಂತ ಸಂಖ್ಯಾಶಾಸ್ತ್ರಜ್ಞೆ ಅಲೆಕ್ಸಾಂಡ್ರಾ ಚೌಲ್ಡೆಚೋವಾ ಮುಂತಾದವರು ಗಣಿತದಲ್ಲೇ ಸಾಧಿಸಿದ್ದಾರೆ.

ಗಣಿತ ಇಲ್ಲಿಗೆ ನಿಲ್ಲುತ್ತದೆ. ಯಾವ ಸಮಾನತೆ ಬಿಡಬಹುದು ಅನ್ನುವುದಕ್ಕೆ ಕೋಡ್ ಬರೆಯುವವರು ತತ್ವಶಾಸ್ತ್ರದ ಕ್ಲಾಸಿಗೆ ಹೋಗಬೇಕು, ತತ್ವಶಾಸ್ತ್ರದವರು ಮೇಲಿನ ಲೆಕ್ಕ ಕಲಿಯಬೇಕು. ಹಾರ್ವರ್ಡ್ 2017ರಲ್ಲಿ ಶುರು ಮಾಡಿದ ವ್ಯವಸ್ಥೆ ನನಗೆ ಇಷ್ಟವಾಗುವುದು ಇದಕ್ಕೇ. ಅಲ್ಲಿ ತತ್ವಶಾಸ್ತ್ರದವರು ಕಂಪ್ಯೂಟರ್ ಸೈನ್ಸ್ ಕ್ಲಾಸಿನೊಳಗೇ ಬಂದು ಆ ಪಾಠಕ್ಕೆ ಹೊಂದುವ ನೈತಿಕ ಪ್ರಶ್ನೆ ಎತ್ತಿಕೊಳ್ಳುತ್ತಾರೆ. ಕೊನೇ ಸೆಮಿಸ್ಟರಿನಲ್ಲಿ ಒಂದು ಎಥಿಕ್ಸ್ ಪೇಪರ್ ಇಟ್ಟರೆ ಪಾಸಾಗಲು ಓದುತ್ತಾರೆ, ಅಷ್ಟೇ ಅಲ್ವಾ?

ಕೆಲವು ತಪ್ಪು ಕೋಡಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಅಮೆರಿಕದಲ್ಲಿ ಯಾವ ರೋಗಿಗೆ ಹೆಚ್ಚಿನ ಆರೈಕೆ ಬೇಕು ಅಂತ ಆರಿಸುತ್ತಿದ್ದ ಒಂದು ಸಾಫ್ಟ್‌ವೇರ್, ಕಾಯಿಲೆಯ ಬದಲು ಚಿಕಿತ್ಸೆಯ ಖರ್ಚನ್ನು ಅಳೆಯುತ್ತಿತ್ತು. ಅಷ್ಟೇ ಕಾಯಿಲೆ ಇದ್ದರೂ ಕಪ್ಪು ಜನರ ಮೇಲೆ ಆಗುತ್ತಿದ್ದ ಖರ್ಚು ಕಡಿಮೆ. ಹಾಗಾಗಿ ಅವರು ಆರೋಗ್ಯವಾಗಿದ್ದಾರೆ ಅಂತ ಅದು ತಿಳಿದುಕೊಂಡಿತು. ಈ ಅಂತರ ಸರಿಪಡಿಸಿದರೆ ಹೆಚ್ಚಿನ ಆರೈಕೆ ಪಡೆಯುವವರಲ್ಲಿ ಅವರ ಪಾಲು 17.7%ರಿಂದ 46.5%ಕ್ಕೆ ಏರುತ್ತದೆ ಅಂತ 2019ರಲ್ಲಿ ಸಂಶೋಧಕರು ಲೆಕ್ಕ ಕೊಟ್ಟರು.