ಟಿಕ್‌ಗಳನ್ನು ಕೂಡಿದರೆ ಮೈನಸ್ ಮೂರು ಏಕೆ ಬರುತ್ತದೆ?

ಪ್ರಶ್ನೆ: ಎಕ್ಸೆಲ್‌ನಲ್ಲಿ ಒಂದು ಯೂಸರ್‌ಫಾರ್ಮ್ ಮಾಡಿದ್ದೇನೆ. ಅದರಲ್ಲಿ ಐದು ಚೆಕ್‌ಬಾಕ್ಸ್‌ಗಳಿವೆ. ಎಷ್ಟಕ್ಕೆ ಟಿಕ್ ಬಿದ್ದಿದೆ ಎಂದು ತಿಳಿಯಲು ಮ್ಯಾಕ್ರೋದಲ್ಲಿ ಐದರ ವ್ಯಾಲ್ಯೂಗಳನ್ನೂ ಕೂಡಿದೆ. ಮೂರಕ್ಕೆ ಟಿಕ್ ಹಾಕಿದರೆ ಉತ್ತರ –3 ಎಂದು ಬರುತ್ತದೆ. ತಪ್ಪು ಎಲ್ಲಿದೆ?

ಉತ್ತರ: ಇದಕ್ಕೆ ಉತ್ತರ ಬರೆದು ಬರೆದು ಕೈ ಸೋತಿದೆ. ಆದರೂ ಮತ್ತೊಮ್ಮೆ ಹೇಳುತ್ತೇನೆ: ಕೂಡಬೇಡಿ, ಎಣಿಸಿ. ಸೊನ್ನೆಯಿಂದ ಶುರುವಾಗುವ ಒಂದು ಲೆಕ್ಕದ ವೇರಿಯೇಬಲ್ ಇಟ್ಟುಕೊಳ್ಳಿ. ಫಾರ್ಮ್‌ನ ಕಂಟ್ರೋಲ್‌ಗಳ (ಚೆಕ್‌ಬಾಕ್ಸ್, ಗುಂಡಿ ಮುಂತಾದವುಗಳ) ಮೇಲೆಲ್ಲ, ಒಂದೊಂದನ್ನೂ ಸರದಿಯಲ್ಲಿ ನೋಡುವ ಫಾರ್ ಈಚ್ ಲೂಪ್ ಓಡಿಸಿ. ಕಂಟ್ರೋಲ್‌ನ ಜಾತಿ ಹೇಳುವ ಟೈಪ್‌ನೇಮ್ ಚೆಕ್‌ಬಾಕ್ಸ್ ಆಗಿದ್ದು, ಅದರ ವ್ಯಾಲ್ಯೂ ಟ್ರೂ ಆಗಿದ್ದರೆ ಮಾತ್ರ ಲೆಕ್ಕಕ್ಕೆ 1 ಸೇರಿಸಿ. ನಾಳೆ ಆರನೆಯ ಚೆಕ್‌ಬಾಕ್ಸ್ ಬಂದರೂ ಈ ಲೂಪ್‌ನಲ್ಲಿ ಒಂದಕ್ಷರವನ್ನೂ ಬದಲಿಸಬೇಕಾಗಿಲ್ಲ.

ಇಷ್ಟು ಹೇಳಿದರೆ ಸಾಕು ಎಂದುಕೊಂಡಾಗಲೆಲ್ಲ ಅದೇ ಮರುಪ್ರಶ್ನೆ ಬರುತ್ತದೆ: “ಟ್ರೂ ಎಂದರೆ 1 ಅಲ್ಲವೇ? ಹಾಗಿದ್ದ ಮೇಲೆ ಕೂಡಿದರೇನು?” ಅಲ್ಲ. ಎಕ್ಸೆಲ್‌ನ ಮ್ಯಾಕ್ರೋ ಬರೆಯುವ ಭಾಷೆಯಾದ ವಿಬಿಎಯಲ್ಲಿ ಟ್ರೂ ಎಂದರೆ –1. ಇದು ದೋಷವಲ್ಲ, ಬೇಕೆಂದೇ ಮಾಡಿರುವುದು. ಹಳೆಯ ಮೈಕ್ರೋಸಾಫ್ಟ್ ಬೇಸಿಕ್‌ನಲ್ಲಿ ಟ್ರೂ, ಫಾಲ್ಸ್‌ಗಳಿಗೆಂದೇ ಬೂಲಿಯನ್ ಎಂಬ ಪ್ರತ್ಯೇಕ ಜಾತಿಯೇ ಇರಲಿಲ್ಲ. ಹೌದು, ಅಲ್ಲ ಎರಡನ್ನೂ ಪೂರ್ಣಾಂಕಗಳಲ್ಲೇ ಇಡಬೇಕಿತ್ತು. ಫಾಲ್ಸ್ ಎಂದರೆ 16 ಬಿಟ್‌ಗಳೂ ಸೊನ್ನೆ. ಅಲ್ಲಿನ ನಾಟ್, ಅಂದರೆ ‘ಅಲ್ಲ’ ಎನ್ನುವ ಆಜ್ಞೆ, ಪ್ರತಿಯೊಂದು ಬಿಟ್ಟನ್ನೂ ತಿರುಗಿಸುತ್ತದೆ, ಆಗ 16 ಬಿಟ್‌ಗಳೂ 1 ಆಗುತ್ತವೆ. ಚಿಹ್ನೆಯಿರುವ ಪೂರ್ಣಾಂಕವಾಗಿ ಅದನ್ನು ಓದಿದರೆ –1. ಟ್ರೂಗೆ 1 ಎಂದೇ ಇಟ್ಟಿದ್ದರೆ ಏನಾಗುತ್ತಿತ್ತು ನೋಡಿ: ನಾಟ್ 1 ಎಂದರೆ –2. ಅದೂ ಸೊನ್ನೆಯಲ್ಲ, ಆದ್ದರಿಂದ ಇಫ್‌ನ ಕಣ್ಣಿಗೆ ಅದೂ ಟ್ರೂ. ಹೌದು ಎಂಬುದೂ ಹೌದು, ಹೌದಲ್ಲ ಎಂಬುದೂ ಹೌದು! ಆ ಭಾಷೆಯಲ್ಲಿ ಕೆಲಸ ಮಾಡುವುದು ಹೇಗೆ?

ಬೂಲಿಯನ್ ಎಂಬ ಹೆಸರಿಗೆ ಮೂಲನಾದ ಗಣಿತಜ್ಞನನ್ನು ಹಿಡಿದು “ಜಾರ್ಜ್ ಬೂಲ್ ಹೇಳಿದ್ದೇ 1 ಮತ್ತು 0” ಎಂದು ವಾದಿಸುವವರಿಗೂ ಒಂದು ಮಾತು. ಬೂಲಿಯನ್ ಬೀಜಗಣಿತವೆಂದು ಇಂದು ನಾವು ಓದುವುದರಲ್ಲಿ 1 + 1 = 1. ಆ ಲೆಕ್ಕ ಹಿಡಿದರೆ ನಿಮ್ಮ ಮೂರು ಟಿಕ್‌ಗಳೂ ಸೇರಿ ಒಂದೇ ಆಗುತ್ತವೆ. ಬೂಲ್‌ನನ್ನು ಸಾಕ್ಷಿಗೆ ಕರೆದರೆ ನಿಮ್ಮ ಮೊಕದ್ದಮೆಯೇ ಬಿದ್ದುಹೋಗುತ್ತದೆ.

ಅದೇ ಎಕ್ಸೆಲ್‌ನ ಹಾಳೆಯೊಳಗೆ ಹೋಗಿ ನೋಡಿ, ಅಲ್ಲಿ ಟ್ರೂ ಪ್ಲಸ್ ಟ್ರೂ ಎಂಬ ಸೂತ್ರಕ್ಕೆ 2 ಸಿಗುತ್ತದೆ. ಟ್ರೂ ಇರುವ ಮೂರು ಸೆಲ್‌ಗಳ ಶ್ರೇಣಿಯನ್ನು ಸಮ್‌ಗೆ ಕೊಟ್ಟರೆ ಮಾತ್ರ ಸೊನ್ನೆ, ಏಕೆಂದರೆ ಶ್ರೇಣಿಯಲ್ಲಿರುವ ಬೂಲಿಯನ್‌ಗಳನ್ನು ಸಮ್ ಕಡೆಗಣಿಸುತ್ತದೆ. ಅಲ್ಲಿ ಬಳಸಬೇಕಾದುದು ಷರತ್ತಿಗೆ ಹೊಂದುವ ಸೆಲ್‌ಗಳನ್ನು ಎಣಿಸುವ ಕೌಂಟ್‌ಇಫ್. ಒಂದೇ ತಂತ್ರಾಂಶದೊಳಗೆ ಟ್ರೂ ಮೂರು ಬಗೆಯಾಗಿ ನಡೆದುಕೊಳ್ಳುವಾಗ “ಟ್ರೂ ಎಂದರೆ 1” ಎಂದು ಬಾಯಿಪಾಠ ಮಾಡಿ ಏನು ಪ್ರಯೋಜನ?

ಇನ್ನು ಜಾಣರ ಗುಂಪೊಂದಿದೆ. ಮೊತ್ತದ ಮುಂದೆ ಒಂದು ಮೈನಸ್ ಹಾಕಿ, ಇಲ್ಲವೇ ಮೈನಸ್ ತೆಗೆದುಹಾಕುವ ಎಬಿಎಸ್‌ಗೆ ಕೊಟ್ಟು, ಕೈತೊಳೆದುಕೊಳ್ಳುವವರು. ಯಾರಾದರೂ ಆ ಚೆಕ್‌ಬಾಕ್ಸ್‌ನ ಟ್ರಿಪಲ್‌ಸ್ಟೇಟ್ ಗುಣವನ್ನು ಆನ್ ಮಾಡುವವರೆಗೆ ಇದು ನಡೆಯುತ್ತದೆ. ಆಮೇಲೆ ಬೂದು ಬಣ್ಣದ ಮೂರನೆಯ ಸ್ಥಿತಿ ಬರುತ್ತದೆ, ಅದರ ವ್ಯಾಲ್ಯೂ ನಲ್, ಅಂದರೆ ಬೆಲೆಯೇ ಇಲ್ಲ. ನಲ್ ಸೇರಿದ ಮೊತ್ತವೂ ನಲ್. ಅದನ್ನು ಪೂರ್ಣಾಂಕವನ್ನಷ್ಟೇ ಹಿಡಿಯುವ ಲಾಂಗ್ ವೇರಿಯೇಬಲ್‌ಗೆ ಹಾಕಹೊರಟರೆ 94ನೆಯ ದೋಷ ತೋರಿಸಿ ಮ್ಯಾಕ್ರೋ ನಿಲ್ಲುತ್ತದೆ. ಮೇಲಿನ ಲೂಪ್‌ಗೆ ಈ ಕಾಟವಿಲ್ಲ. ನಲ್ ಬಂದರೆ ಇಫ್ ಅದನ್ನು ಟ್ರೂ ಎಂದು ಒಪ್ಪದೆ ಮುಂದೆ ಹೋಗುತ್ತದೆ.

ಹಾಳೆಯ ಮೇಲೆ ನೇರವಾಗಿ ಇಡುವ ಫಾರ್ಮ್ ಕಂಟ್ರೋಲ್ ಚೆಕ್‌ಬಾಕ್ಸ್ ಇನ್ನೂ ವಿಚಿತ್ರ. ಟಿಕ್ ಇದ್ದರೆ ಅದರ ವ್ಯಾಲ್ಯೂ 1, ಇಲ್ಲದಿದ್ದರೆ –4146. ಮೂರಕ್ಕೆ ಟಿಕ್, ಎರಡು ಖಾಲಿ ಎಂದರೆ ಮೊತ್ತ –8289. ಇಲ್ಲಿ ಎಬಿಎಸ್ ಏನು ಮಾಡೀತು? ಟ್ರೂ ಜೊತೆ ಹೋಲಿಸುವುದೂ ಇಲ್ಲಿ ನಡೆಯದು, 1 ಇದೆಯೇ ಎಂದೇ ಕೇಳಬೇಕು.

ಯಾರೂ ಕೇಳದಿದ್ದರೂ ಒಂದು ವಿಷಯ ಹೇಳಿಬಿಡುತ್ತೇನೆ, ಮುಂದಿನ ಪ್ರಶ್ನೆ ಅದೇ ಎಂದು ಗೊತ್ತು. “ಲೂಪ್ ಸರಿಯಾಗಿದೆ, ಆದರೆ ಲೆಕ್ಕ ಯಾವಾಗಲೂ ಸೊನ್ನೆ.” ಓಕೆ ಗುಂಡಿಯೊಳಗೆ ಫಾರ್ಮನ್ನೇ ಮೆಮೊರಿಯಿಂದ ತೆಗೆದುಹಾಕುವ ಅನ್‌ಲೋಡ್ ಮಿ ಎಂದು ನೀವು ಬರೆದಿರುತ್ತೀರಿ, ಎಣಿಸುವ ಕೆಲಸವನ್ನು ಆಮೇಲೆ ಹೊರಗಿನ ಮಾಡ್ಯೂಲ್‌ನಲ್ಲಿ ಮಾಡುತ್ತಿರುತ್ತೀರಿ. ಅನ್‌ಲೋಡ್ ಆದ ಫಾರ್ಮ್‌ನ ಹೆಸರನ್ನು ಮತ್ತೆ ಹಿಡಿದು ಕೇಳಿದರೆ ವಿಬಿಎ ಸದ್ದಿಲ್ಲದೆ ಹೊಸ ಫಾರ್ಮ್ ಒಂದನ್ನು ಲೋಡ್ ಮಾಡುತ್ತದೆ. ಅದರಲ್ಲಿ ಬಳಕೆದಾರ ಹಾಕಿದ ಟಿಕ್ ಒಂದೂ ಇರುವುದಿಲ್ಲ. ಓಕೆಯಲ್ಲಿ ಫಾರ್ಮನ್ನು ಮರೆಮಾಡುವ ಮಿ ಡಾಟ್ ಹೈಡ್ ಎಂದಷ್ಟೇ ಬರೆಯಿರಿ, ಎಣಿಸಿ ಮುಗಿದ ಮೇಲೆ ಅನ್‌ಲೋಡ್ ಮಾಡಿ. ಮೂಲೆಯ ಮುಚ್ಚುವ ಗುರುತನ್ನು ಒತ್ತಿದರೂ ಫಾರ್ಮ್ ಅನ್‌ಲೋಡ್ ಆಗುತ್ತದೆ. ಅದನ್ನು, ಫಾರ್ಮ್ ಮುಚ್ಚುವ ಮುನ್ನ ಓಡುವ ಕ್ವೆರಿಕ್ಲೋಸ್‌ನಲ್ಲಿ ತಡೆದು, ರದ್ದು ಮಾಡಿದ್ದಾರೆ ಎಂದು ಬೇರೆ ವೇರಿಯೇಬಲ್‌ನಲ್ಲಿ ಗುರುತಿಟ್ಟುಕೊಳ್ಳಿ. ಏನನ್ನೂ ಆರಿಸದೆ ಓಕೆ ಒತ್ತಿದವರೂ ಬೇಡವೆಂದು ಎದ್ದುಹೋದವರೂ ಬರಿಯ ಸೊನ್ನೆಯಲ್ಲಿ ಬೇರೆಬೇರೆಯಾಗಿ ಕಾಣುವುದಿಲ್ಲ.