ಪೇಡಾ ಹಂಚುವ ಮುನ್ನ

ಹಲವು ವರ್ಷಗಳ ಹಿಂದೆ ಶಿಕಾಗೋದ ಫೆಡರಲ್ ನ್ಯಾಯಾಲಯದ ಕಾರಿಡಾರಿನಲ್ಲಿ ನನ್ನ ಕಕ್ಷಿದಾರರ ಪತ್ನಿ ಕೈಚೀಲದಿಂದ ಪೇಡಾ ಡಬ್ಬ ತೆಗೆದು ಎಲ್ಲರಿಗೂ ಹಂಚತೊಡಗಿದರು. ಸರ್ಕಾರದ ಪರ ವಾದಿಸಿದ್ದ ಪ್ರಾಸಿಕ್ಯೂಟರಿಗೂ ಒಂದು ಸಿಕ್ಕಿತು. ಆತ ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ನನ್ನ ಮುಖ ನೋಡಿದರು. ಒಳಗೆ ಆಗಿದ್ದು ಇಷ್ಟೇ: ಗೃಹಸಾಲ ವಂಚನೆಯ ನಾಲ್ಕು ಆರೋಪಗಳ ಮೇಲೆ ದೋಷಿಯೋ ನಿರ್ದೋಷಿಯೋ ಎಂದು ಒಮ್ಮತದಿಂದ ಹೇಳಬೇಕಿದ್ದ ಹನ್ನೆರಡು ಮಂದಿ ಸಾಮಾನ್ಯ ನಾಗರಿಕರ ಜ್ಯೂರಿಯಲ್ಲಿ ಒಮ್ಮತ ಮೂಡಲಿಲ್ಲ, ನ್ಯಾಯಾಧೀಶರು ಅವರನ್ನು ಮನೆಗೆ ಕಳಿಸಿದರು. ವಾರ ಕಳೆಯುವಷ್ಟರಲ್ಲಿ ಸರ್ಕಾರ ರಾಜಿಯ ಪ್ರಸ್ತಾವ ಕಳಿಸಿತು. ಒಂದೇ ಆರೋಪ, ಸಣ್ಣ ಶಿಕ್ಷೆ. "ಗೆದ್ದವನು ತಪ್ಪೊಪ್ಪಿಕೊಳ್ಳುವುದುಂಟೇ ಸ್ವಾಮಿ?" ಎಂದು ಕಕ್ಷಿದಾರರು ನಕ್ಕರು. ಎಂಟು ತಿಂಗಳ ನಂತರ ಎರಡನೆಯ ಜ್ಯೂರಿಗೆ ದೋಷಿ ಎನ್ನಲು ಬೇಕಾದದ್ದು ಒಂದೂವರೆ ದಿನ.

ಅಂದಿನಿಂದ ನಾನು ಎಲ್ಲರಿಗೂ ಹೇಳುತ್ತಲೇ ಇದ್ದೇನೆ, ಯಾರೂ ಕೇಳಿಸಿಕೊಳ್ಳುವುದಿಲ್ಲ. ಜ್ಯೂರಿ ಕಗ್ಗಂಟಾದರೆ ಅದು ಖುಲಾಸೆಯಲ್ಲ. ಅರ್ಧ ಖುಲಾಸೆಯೂ ಅಲ್ಲ. ಕ್ರಿಕೆಟ್ಟಿನ ಡ್ರಾ ಅಂತೂ ಅಲ್ಲವೇ ಅಲ್ಲ, ಏಕೆಂದರೆ ಡ್ರಾ ಆದರೆ ಪಂದ್ಯ ಮುಗಿದಿರುತ್ತದೆ. ಇಲ್ಲಿ ಪಂದ್ಯ ಮುಗಿದೇ ಇಲ್ಲ. ಒಂದೇ ಅಪರಾಧಕ್ಕೆ ಎರಡು ಸಲ ವಿಚಾರಣೆ ಕೂಡದು ಎಂಬ ಸಾಂವಿಧಾನಿಕ ರಕ್ಷಣೆ ಇದೆಯಲ್ಲ ಎಂದು ಕೇಳುತ್ತಾರೆ. ಇದೆ. ಆದರೆ ಮೊದಲ ಸಲದ್ದು ಕೊನೆಗೊಂಡಿದ್ದರೆ ತಾನೇ ಎರಡನೆಯದು? ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು 1824ರಲ್ಲೇ ಹೇಳಿತು, 1984ರಲ್ಲಿ ಮತ್ತೆ ಹೇಳಿತು. ಇದರ ಇನ್ನೊಂದು ಬದಿಯ ಮೂರ್ಖತನವೂ ಉಂಟು: "ಹನ್ನೊಂದು ಮಂದಿ ತಪ್ಪಿತಸ್ಥ ಅಂದರು, ಒಬ್ಬರು ಮಾತ್ರ ಒಪ್ಪಲಿಲ್ಲ, ಅಂದರೆ ಅಪರಾಧ ಸಾಬೀತಾದಂತೆಯೇ." ಇಲ್ಲ. ಸಾಬೀತಾಗಿಲ್ಲ. ಅದೂ ಆಗಿಲ್ಲ, ಇದೂ ಆಗಿಲ್ಲ.

ನಮ್ಮವರಿಗೆ ಇದು ತಲೆಗೆ ಹತ್ತದಿರುವುದಕ್ಕೆ ಕಾರಣವಿದೆ. ಭಾರತದಲ್ಲಿ ಜ್ಯೂರಿ ಪದ್ಧತಿಯನ್ನು ಕಂಡ ತಲೆಮಾರು ಈಗ ಬಹುಪಾಲು ಇಲ್ಲ. ಕೊಲೆ ಆರೋಪ ಹೊತ್ತ ನೌಕಾಪಡೆ ಅಧಿಕಾರಿ ನಾನಾವತಿಯ ಪ್ರಕರಣದ ಕತೆ ಬಿಟ್ಟರೆ ಜ್ಯೂರಿ ಎಂದರೆ ನಮಗೆ ಟಿವಿಯ ಹಾಡಿನ ಸ್ಪರ್ಧೆ.

ಕಳೆದ ವರ್ಷ ಕನ್ನಡ ಕೂಟದ ಊಟದ ಸಾಲಿನಲ್ಲಿ ನಿಂತಾಗಲೂ ಇದೇ ಪ್ರಶ್ನೆ ಬಂತು, ಈ ಬಾರಿ ಮೈಕೆಲ್ ಮ್ಯಾಡಿಗನ್ ಹೆಸರಿನಲ್ಲಿ. ಶಿಕಾಗೋ ಇರುವ ಇಲಿನಾಯ್ ರಾಜ್ಯದ ವಿಧಾನಸಭೆಯಲ್ಲಿ ಒಟ್ಟು 36 ವರ್ಷ ಸ್ಪೀಕರ್ ಆಗಿದ್ದ, ಭ್ರಷ್ಟಾಚಾರದ ಆರೋಪ ಹೊತ್ತ ಮನುಷ್ಯ. 2025ರ ಫೆಬ್ರುವರಿ 12ರಂದು ಜ್ಯೂರಿ 23 ಆರೋಪಗಳಲ್ಲಿ 10ರಲ್ಲಿ ದೋಷಿ ಎಂದಿತು, 7ರಲ್ಲಿ ಖುಲಾಸೆ ಮಾಡಿತು, 6ರಲ್ಲಿ ಕೈಚೆಲ್ಲಿತು. ಆ ಆರರಲ್ಲಿ ಇಡೀ ಪ್ರಕರಣದ ಬೆನ್ನೆಲುಬಾಗಿದ್ದ ಸಂಘಟಿತ ಅಪರಾಧದ ಸಂಚಿನ ಆರೋಪವೂ ಇತ್ತು. "ಅದನ್ನು ಮತ್ತೆ ವಿಚಾರಣೆ ಮಾಡಿಸಬೇಕಲ್ಲವೇ?" ಎಂದು ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತಲೇ ಒಬ್ಬರು ಕೇಳಿದರು.

ಬೇಡ ಎಂದೆ. ನಾನು ಆರೋಪಿಗಳ ಪರ ವಕೀಲ, ಇನ್ನೇನು ಹೇಳಿಯೇನು ಎಂದು ನೀವು ಅಂದುಕೊಳ್ಳಬಹುದು. ಆದರೆ ಕಾರಣ ಅದಲ್ಲ. ಆ ಜೂನಿನಲ್ಲಿ ಮ್ಯಾಡಿಗನ್‌ಗೆ ಏಳೂವರೆ ವರ್ಷ ಜೈಲು, 25 ಲಕ್ಷ ಡಾಲರ್ ದಂಡ ಆಯಿತು. ಆತನಿಗಾಗಲೇ ಎಂಬತ್ತು ದಾಟಿತ್ತು. ಇನ್ನೊಂದು ವಿಚಾರಣೆ ಎಂದರೆ ಮತ್ತೆ ನಾಲ್ಕು ತಿಂಗಳು, ಮತ್ತದೇ ಸಾಕ್ಷಿಗಳು. ಇನ್ನೊಂದು ಸಂಗತಿಯೂ ಇದೆ. ಜ್ಯೂರಿ ತೀರ್ಮಾನಿಸದೆ ಬಿಟ್ಟ ಆರೋಪದ ಹಿಂದಿನ ನಡತೆಯನ್ನು ನ್ಯಾಯಾಧೀಶರು ಶಿಕ್ಷೆ ನಿಗದಿ ಮಾಡುವಾಗ ಗಣನೆಗೆ ತೆಗೆದುಕೊಳ್ಳಲು ಸಾಮಾನ್ಯವಾಗಿ ಅವಕಾಶವಿದೆ. ಫೆಡರಲ್ ಶಿಕ್ಷಾ ಮಾರ್ಗಸೂಚಿಗೆ 2024ರ ನವೆಂಬರ್‌ನಲ್ಲಿ ಜಾರಿಯಾದ ತಿದ್ದುಪಡಿ ರಕ್ಷಣೆ ಕೊಡುವುದು ಖುಲಾಸೆಯಾದ ಆರೋಪಗಳಿಗೆ ಮಾತ್ರ. ನೋಡಿ, ಮತ್ತೆ ಅಲ್ಲಿಗೇ ಬಂದೆವು: ಕಗ್ಗಂಟು ಖುಲಾಸೆಯಲ್ಲ. (ಒಂದೊಂದು ಪ್ರಕರಣದ ಲೆಕ್ಕ ಒಂದೊಂದು. ಇದನ್ನು ಓದಿ ಯಾರೂ ತಮ್ಮ ವಕೀಲರೊಂದಿಗೆ ಜಗಳಕ್ಕಿಳಿಯಬೇಡಿ.)

ಹಾಗಾದರೆ ಮರುವಿಚಾರಣೆ ಯಾವಾಗಲೂ ತಪ್ಪೇ? ಅಲ್ಲ. ಇದೇ ಊರಿನ ರಾಡ್ ಬ್ಲಾಗೋಯೆವಿಚ್ ಪ್ರಕರಣ ನೋಡಿ. ಇಲಿನಾಯ್‌ನ ರಾಜ್ಯಪಾಲರಾಗಿದ್ದವರು. ಒಬಾಮ ಅಧ್ಯಕ್ಷರಾಗಿ ಆಯ್ಕೆಯಾದಾಗ ತೆರವಾದ, ರಾಜ್ಯಪಾಲರೇ ಭರ್ತಿ ಮಾಡಬೇಕಿದ್ದ ಸೆನೆಟ್ ಸ್ಥಾನವನ್ನು ಮಾರಲು ಹೊರಟ ಆರೋಪ. 2010ರ ಆಗಸ್ಟ್‌ನಲ್ಲಿ ಜ್ಯೂರಿ 24 ಆರೋಪಗಳಲ್ಲಿ ಒಂದರಲ್ಲಿ, ಎಫ್‌ಬಿಐಗೆ ಸುಳ್ಳು ಹೇಳಿದ್ದರಲ್ಲಿ ಮಾತ್ರ, ದೋಷಿ ಎಂದಿತು. ಉಳಿದ 23 ಕಗ್ಗಂಟು. ಸೆನೆಟ್ ಸ್ಥಾನದ ವಿಷಯದಲ್ಲಿ ಒಪ್ಪದೆ ನಿಂತವರು ಒಬ್ಬರೇ ಜ್ಯೂರಿ ಸದಸ್ಯೆ. ಪ್ರಾಸಿಕ್ಯೂಟರುಗಳು ಮತ್ತೆ ವಿಚಾರಣೆ ಎಂದರು, ಆದರೆ ಹಳೆಯ ಮೂಟೆಯನ್ನೇ ಮತ್ತೆ ಹೊತ್ತು ತರಲಿಲ್ಲ. ತೊಡಕಿನ ಸಂಘಟಿತ ಅಪರಾಧದ ಆರೋಪಗಳನ್ನು ಕೈಬಿಟ್ಟರು, ಜೊತೆ ಆರೋಪಿಯಾಗಿದ್ದ ಅಣ್ಣನ ಮೇಲಿನ ಪ್ರಕರಣವನ್ನೇ ಹಿಂತೆಗೆದುಕೊಂಡರು. 2011ರ ಜೂನಿನಲ್ಲಿ 20ರಲ್ಲಿ 17 ಆರೋಪ ಸಾಬೀತಾಯಿತು, ಹದಿನಾಲ್ಕು ವರ್ಷ ಶಿಕ್ಷೆ. ಹೇಳಲು ನನಗೆ ಇಷ್ಟವಿಲ್ಲ, ಆದರೂ ಆ ಮರುವಿಚಾರಣೆ ಸರಿಯಾಗಿತ್ತು. 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಐದು ಆರೋಪಗಳ ತೀರ್ಪನ್ನು ರದ್ದು ಮಾಡಿತು. ಸೆನೆಟ್ ಸ್ಥಾನಕ್ಕೆ ಬದಲಾಗಿ ಹುದ್ದೆ ಕೇಳುವುದು ರಾಜಕೀಯದ ಕೊಡುಕೊಳ್ಳುವಿಕೆ, ಹಣ ಕೇಳುವುದು ಬೇರೆ ಎಂಬುದು ಅದರ ತರ್ಕ. ಎರಡನೆಯ ಸಲವೂ ಮೂಟೆ ತುಸು ಭಾರವೇ ಇತ್ತೆಂದು ಕಾಣುತ್ತದೆ.

ಆಗ ಸೆನೆಟರ್ ಆಗಿದ್ದ ಬಾಬ್ ಮೆನೆಂಡೆಜ್ ಅವರ ಭ್ರಷ್ಟಾಚಾರ ಪ್ರಕರಣದಲ್ಲೂ ಜ್ಯೂರಿ ಕಗ್ಗಂಟಾಗಿತ್ತು. ಸರ್ಕಾರ 2018ರ ಜನವರಿಯಲ್ಲಿ ಮೊದಲು ಮರುವಿಚಾರಣೆ ಎಂದಿತು. ಅದೇ ತಿಂಗಳು ನ್ಯಾಯಾಧೀಶರು ಏಳು ಆರೋಪಗಳನ್ನು ತೆಗೆದುಹಾಕಿದ ಮೇಲೆ ಉಳಿದದ್ದನ್ನೂ ಕೈಬಿಟ್ಟಿತು. ಜನ ಬೈದರು. ಅದೇ ಮೆನೆಂಡೆಜ್ 2024ರಲ್ಲಿ ಬೇರೆಯದೇ ಪ್ರಕರಣದಲ್ಲಿ, ಮನೆಯಲ್ಲಿ ಸಿಕ್ಕ ಚಿನ್ನದ ಗಟ್ಟಿಗಳ ಸಮೇತ, ದೋಷಿಯಾದರು.

ಊಟದ ಸಾಲಿನಲ್ಲಿ ಕೇಳಿದವರು ಬಿಡಲಿಲ್ಲ. "ನಮ್ಮ ಕಡೆಯಾದರೆ ಹೀಗೆ ಬಿಡುತ್ತಿರಲಿಲ್ಲ" ಎಂದರು. ಬಿಟ್ಟಿದ್ದಾರೆ ಎಂದೆ. ಕರ್ನಾಟಕದ ಗ್ರಾಮ ಪಂಚಾಯಿತಿಯೊಂದರ ಬಿಲ್ ಕಲೆಕ್ಟರ್ ಐನೂರು ರೂಪಾಯಿ ಲಂಚದ ಪ್ರಕರಣದಲ್ಲಿ ಸಿಕ್ಕಿಬಿದ್ದಿದ್ದ. ವಿಚಾರಣಾ ನ್ಯಾಯಾಲಯ ಬಿಟ್ಟಿತು, ಹೈಕೋರ್ಟ್ ಶಿಕ್ಷಿಸಿತು. 2015ರಲ್ಲಿ ಸುಪ್ರೀಂ ಕೋರ್ಟ್, ಆತನ ಮೇಲೆ ಮೊಕದ್ದಮೆ ಹೂಡಲು ಕೊಟ್ಟ ಅನುಮತಿಯೇ ಸಿಂಧುವಲ್ಲ, ಹಾಗಾಗಿ ಮೊದಲಿನ ವಿಚಾರಣೆ ಲೆಕ್ಕಕ್ಕಿಲ್ಲ, ಕಾನೂನಿನ ಪ್ರಕಾರ ಹೊಸದಾಗಿ ವಿಚಾರಣೆ ನಡೆಸಲು ಅಡ್ಡಿಯಿಲ್ಲ ಎಂದಿತು. ಅಷ್ಟರಲ್ಲಿ ಸುಮಾರು ಹದಿನೇಳು ವರ್ಷ ಕಳೆದಿತ್ತು, ಆತ ನಿವೃತ್ತನಾಗಿದ್ದ. ಮತ್ತೆ ವಿಚಾರಣೆ ಬೇಡ, ಇಲ್ಲಿಗೆ ಬಿಡಿ ಎಂದಿತು ನ್ಯಾಯಾಲಯ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದರೆ ಆತ ಗೆದ್ದಂತೆಯೇ ತಾನೇ?" ಎಂದರು. ನಾನು ತಟ್ಟೆ ಹಿಡಿದು ಮೊಸರನ್ನದ ಕಡೆಗೆ ನಡೆದೆ.